ಎಡಗಣ್ಣು ಮಹಾನಂದಾಳದು, ಬಲಗಣ್ಣು ಯಾರದು?

ಮೂಗಿನಿಂದ ಕೆಳಗೆ ಮಾಸ್ಕು, ಹುಬ್ಬಿನಿಂದ ಮೇಲೆ ಬಿಳಿ ಟೊಪ್ಪಿಗೆ, ಕುತ್ತಿಗೆಯಿಂದ ಪಾದದವರೆಗೆ ಬಿಳಿ ಅಂಗಿ. ಎಲೆಕ್ಟ್ರಾನಿಕ್ ಸಿಟಿಯ ಆ ಫ್ಯಾಕ್ಟರಿಯ ಕ್ಲೀನ್ ರೂಮಿನಲ್ಲಿ ಯಾರು ಯಾರೆಂದು ಗೊತ್ತಾಗುವುದು ಕಣ್ಣಿನಿಂದ ಮಾತ್ರ. ಚೂರು ಧೂಳು ಬಿದ್ದರೂ ಮಾಲು ಕೆಡುತ್ತದೆಂದು ಒಳಗೆ ಪೌಡರ್ ಕೂಡದು, ಕಾಡಿಗೆ ಕೂಡದು, ಕುಂಕುಮವೂ ಕೂಡದು.

ಹೀಗಾಗಿ ವಿಜಯಪುರದ ಕಡೆಯ ಮಹಾನಂದಾಳಿಗೂ ಕೊಪ್ಪಳದ ಕಡೆಯ ಹನುಮೇಶನಿಗೂ ಇದ್ದದ್ದು ಬರೀ ಕಣ್ಣಿನ ಪರಿಚಯ. ಇಬ್ಬರೂ ಒಂದೇ ಲೈನಿನಲ್ಲಿ ಎದುರುಬದುರು. ಲೈನು ನಿಲ್ಲುವಂತಿಲ್ಲ, ಅವಳು ಊಟಕ್ಕೆ ಹೋದರೆ ಅವಳ ಜಾಗಕ್ಕೆ ಅವನು, ಅವನು ಹೋದರೆ ಅವಳು. ಕ್ಯಾಂಟೀನಿನಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಯೋಗವೇ ಇರಲಿಲ್ಲ. ಕೈಯಲ್ಲಿ ಸದಾ ಚಿಮಟ ಇರುವುದರಿಂದ ಸನ್ನೆಯೂ ಕಣ್ಣಲ್ಲೇ. ಒಂದು ಸಲ ರೆಪ್ಪೆ ಬಡಿದರೆ ‘ಟ್ರೇ ಸರಿ ಇದೆ, ಕಳಿಸು’. ಎರಡು ಸಲ ಬಡಿದರೆ ‘ರಿಜೆಕ್ಟ್’. ಹೊಸಬರು ನೋಡಿದರೆ ಇವರಿಬ್ಬರೂ ಇಡೀ ದಿನ ಕಣ್ಣು ಹೊಡೆದುಕೊಳ್ಳುತ್ತಾರೆ ಎಂದುಕೊಳ್ಳಬೇಕು.

ಹಬ್ಬ ಮುಗಿದ ಮೇಲೆ ಹನುಮೇಶನನ್ನು ಅತ್ತಿಬೆಲೆಯ ಹೊಸ ಯೂನಿಟ್ಟಿಗೆ ಹಾಕುತ್ತಾರೆ ಅನ್ನುವ ಸುದ್ದಿ ಬಂತು. ಆವತ್ತು ಅವನು ಮಾಸ್ಕಿನ ಒಳಗಿಂದಲೇ ಕೇಳಿದ.

“ಆಯುಧ ಪೂಜಿ ದಿನ ಮಾಸ್ಕ್ ಇರಂಗಿಲ್ಲಲ್ರಿ? ನೂರ್ ಮಂದ್ಯಾಗ ನಿಂತ್ರೂ ನಿಮ್ ಕಣ್ ನೋಡೇ ಗುರ್ತ ಹಿಡಿತೀನಿ.”

“ಹಿಡೀರಿ ನೋಡೂಣು. ಹಿಡಿದ್ರ ನಿಮ್ ಜೋಡಿ ಚಾ ಕುಡ್ಯಾಕ ಬರ್ತೀನಿ. ಆದ್ರ ನಾನಾಗೇ ಬಾಯಿ ಬಿಡಂಗಿಲ್ಲ, ನೀವೂ ಯಾರನ್ನೂ ಕೇಳಂಗಿಲ್ಲ.”

“ಹಿಡೀಲಿಲ್ಲಂದ್ರ?”

“ಹಂಗ ಸುಮ್ಕ ಅತ್ತಿಬೆಲಿಗೆ ಹೋಗ್ರಿ!”

ಹೇಳುವಾಗ ಜಂಬದಿಂದ ಹೇಳಿದಳು. ಹೆಬ್ಬಗೋಡಿಯ ಬಾಡಿಗೆ ರೂಮಿಗೆ ಬಂದ ಮೇಲೆ ಜಂಬ ಇಳಿಯಿತು. ಅವನು ಗುರುತು ಹಿಡಿಯಲೇಬೇಕು ಅನ್ನುವ ಆಸೆ ಅವಳಿಗೆ ಅವನಿಗಿಂತ ಜಾಸ್ತಿ ಇತ್ತು. ಹಬ್ಬದ ದಿನ ನೂರಾರು ಹುಡುಗಿಯರು ಜರಿ, ಜುಮಕಿ, ಮಲ್ಲಿಗೆ ಹಾಕಿಕೊಂಡು ಬರುತ್ತಾರೆ. ಅಷ್ಟು ಜನರ ಮಧ್ಯೆ ತನ್ನ ಎರಡು ಸಾದಾ ಕಣ್ಣು ಎಲ್ಲಿ ಕಾಣಬೇಕು? ಕಣ್ಣು ದೂರದಿಂದಲೇ ‘ನಾನಿಲ್ಲಿದ್ದೀನಿ’ ಎಂದು ಕೂಗಬೇಕು. ಹಾಗಂದುಕೊಂಡು ಫ್ಯಾನ್ಸಿ ಸ್ಟೋರಿಗೆ ಹೋಗಿ ಕಪ್ಪು, ಕೆಂಪು, ಬಿಳಿ ಮೂರು ಬಣ್ಣದ ಐಲೈನರ್ ತಂದಳು.

ಮೈಕ್ರೋಸ್ಕೋಪಿನ ಕೆಳಗೆ ಕೂದಲಿಗಿಂತ ಸಣ್ಣ ತಂತಿ ಕೂರಿಸುವ ಕೈ ಅವಳದು. ಐಲೈನರ್ ಏನು ಮಹಾ ಎಂದುಕೊಂಡಿದ್ದಳು. ಆದರೆ ತಂತಿ ಮಿಟುಕುವುದಿಲ್ಲ, ಕಣ್ಣು ಮಿಟುಕುತ್ತದೆ. ಮುಚ್ಚಿದರೆ ಕನ್ನಡಿ ಕಾಣುವುದಿಲ್ಲ, ತೆರೆದರೆ ರೆಪ್ಪೆ ಮಡಚಿಕೊಂಡು ಬಣ್ಣ ಮೇಲಕ್ಕೂ ಅಂಟುತ್ತದೆ. ಬಲಗಡೆಯ ಬಾಲ ಹುಬ್ಬಿನತ್ತ ಹಾರಿತು, ಎಡಗಡೆಯದು ಕಿವಿಯತ್ತ ಜಾರಿತು. ಎಡದ್ದನ್ನು ಸರಿಮಾಡಲು ಬಲಕ್ಕೊಂದು ಗೆರೆ, ಬಲದ್ದನ್ನು ಸರಿಮಾಡಲು ಎಡಕ್ಕೊಂದು ಗೆರೆ. ಹೀಗೇ ಬೆಳೆದು ಬೆಳೆದು ಕೊನೆಗೆ ಅರ್ಧ ಮುಖವೇ ಕಪ್ಪಾಯಿತು.

ಬಟ್ಟೆ ಒಣಗಹಾಕಿ ಒಳಗೆ ಬಂದ ಸೌಮ್ಯ ಬಾಗಿಲಲ್ಲೇ ನಿಂತಳು. ಅವಳು ಮಂಡ್ಯದವಳು, ರೂಮ್‌ಮೇಟು, ಅದೇ ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿ ಕೆಲಸ, ಅಲ್ಲಿ ಮಾಸ್ಕಿನ ಕಾಟ ಇಲ್ಲ.

“ಅಯ್ಯೋ ನಮ್ಮವ್ವ! ಎದುರುಗಡೆ ಬಿಲ್ಡಿಂಗ್‌ಗೆ ಕಟ್ಟಿದ್ರಲ್ಲ ದೃಷ್ಟಿ ಬೊಂಬೆ, ಅದ್ಯಾವಾಗ ಇಳ್ದು ಬಂತೇ?”

“ನಗಬ್ಯಾಡ ಸೌಮ್ಯ, ಬಾಳ ಕಷ್ಟ ಐತಿ.”

“ಟೇಪ್ ಅಂಟ್ಸ್ಕೊಳ್ಳೇ ಪೆದ್ದಿ. ಮೊದ್ಲು ಕೈ ಮೇಲೆ ಅಂಟ್ಸಿ ಕಿತ್ತು, ಅಂಟು ಕಮ್ಮಿ ಮಾಡ್ಕೊ. ಇಲ್ದಿದ್ರೆ ರೆಪ್ಪೆ ಕೂದ್ಲೂ ಅದ್ರ ಜೊತೇಲೇ ಹೋಯ್ತದೆ.”

ಟೇಪು ಅಂದದ್ದೇ ತಡ ಮಹಾನಂದಾಳ ತಲೆಯಲ್ಲಿ ಬಲ್ಬು ಹತ್ತಿತು. ಹಬ್ಬಕ್ಕೆ ಉಡಬೇಕಾಗಿದ್ದ ಇಳಕಲ್ ಸೀರೆಯನ್ನು ಬ್ಯಾಗಿನಿಂದ ಎಳೆದಳು. ಸೆರಗಿನಲ್ಲಿ ಕೆಂಪು-ಬಿಳಿ ಹಲ್ಲು ಹಲ್ಲಾಗಿ ನೇಯ್ದ ತೆನಿ! ಅದೇ ಕಣ್ಣಿಗೆ ಬಂದರೆ? ಟೇಪಿನ ಅಂಚನ್ನು ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿದಳು. ಅಂಟು ಕಮ್ಮಿ ಮಾಡಿ ರೆಪ್ಪೆಯ ಮೇಲೆ ಕೂರಿಸಿದಳು, ಕೆಂಪು ಬಳಿದಳು, ಉಸಿರು ಬಿಗಿಹಿಡಿದು ಟೇಪು ಎತ್ತಿದಳು. ಸಾಲಾಗಿ ಪುಟ್ಟ ಪುಟ್ಟ ತೆನಿ! ಸಂದಿನಲ್ಲಿ ಬಿಳಿ ಚುಕ್ಕಿ, ಕೆಳಗೆ ಕಪ್ಪು ಗೆರೆ, ಗೆರೆಯ ಬಾಲ ಕಿವಿಯ ಕಡೆ ಚಂಗನೆ ಜಿಗಿದಂತೆ.

ಹಬ್ಬದ ಬೆಳಿಗ್ಗೆ ಎರಡೂ ಕಣ್ಣಿಗೆ ಹಾಗೇ ಬರೆದುಕೊಂಡಾಗ ಸೌಮ್ಯ ಹತ್ತಿರ ಬಂದು ಬಗ್ಗಿ ನೋಡಿದಳು. “ಲೇ, ಕಣ್ಣಿಗೇ ಸೀರೆ ಉಡ್ಸಿದ್ದೀಯಲ್ಲೇ!”

ಕ್ಲೀನ್ ರೂಮಿನೊಳಗೆ ಊದುಬತ್ತಿ ಹಚ್ಚುವಂತಿಲ್ಲವಲ್ಲ, ಅದಕ್ಕೇ ಪೂಜೆ ಹೊರಗೆ ಲೋಡಿಂಗ್ ಜಾಗದಲ್ಲಿ. ಒಳಗಿನ ಯಂತ್ರಗಳ ಪರವಾಗಿ ಒಂದು ಟ್ರೇಯಲ್ಲಿ ಸ್ಕ್ರೂಡ್ರೈವರು, ಚಿಮಟ ಬಂದು ಕೂತಿದ್ದವು. ಪಕ್ಕದ ಫೋರ್ಕ್‌ಲಿಫ್ಟಿಗೆ ಬಾಳೆಕಂದು, ಚೆಂಡುಹೂವು. ಅವಳ ಲೈನಿನ ಸೂಪರ್‌ವೈಸರ್ ವೀರೇಶ್ ಬೂದುಗುಂಬಳ ಹಿಡಿದು ಓಡಾಡುತ್ತಿದ್ದವನು ಮಹಾನಂದಾಳನ್ನು ನೋಡಿ ನಿಂತ.

“ಏನಮ್ಮ, ನೀನು ಕುಂಬಳಕಾಯಿ ಪಕ್ಕ ನಿಲ್ಬೇಡ. ಯಾವ್ದು ಒಡೀಬೇಕೋ ಐನೋರಿಗೆ ಕನ್‌ಫ್ಯೂಸ್ ಆಗತ್ತೆ. ಯಾವ ಡಿಪಾರ್ಟ್‌ಮೆಂಟು?”

ತಮಾಷೆಗೆ ಕೇಳುತ್ತಿದ್ದಾನೆಂದು ಅವಳು ನಕ್ಕಳು. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಅಷ್ಟರಲ್ಲಿ ಹನುಮೇಶ ಕಂಡ. ಎಡಹುಬ್ಬಿನ ಮಧ್ಯೆ ಗಾಯದ ಗೆರೆ. ಅವನೇ, ಸಂಶಯವೇ ಇಲ್ಲ. ಮಾಸ್ಕಿನ ಕೆಳಗೆ ಇಷ್ಟು ದಿನ ಚೆಂದದ ಮೀಸೆ ಬಚ್ಚಿಟ್ಟಿದ್ದ ಕಳ್ಳ! ಅವನು ಸಿಕ್ಕ ಸಿಕ್ಕ ಹುಡುಗಿಯರ ಕಣ್ಣನ್ನೇ ನೋಡುತ್ತ ಬರುತ್ತಿದ್ದ.

“ಏನ್ ಮಗಾ, ಉಚಿತ ಕಣ್ಣಿನ ತಪಾಸಣಾ ಶಿಬಿರಾನಾ?” ಅಂತ ಯಾರೋ ಕೂಗಿದರು.

ಹನುಮೇಶ ಮಹಾನಂದಾಳ ಎದುರಿಗೇ ಬಂದು ನಿಂತ. ಅವಳ ಕಣ್ಣು ನೋಡಿದ. ಇನ್ನೊಮ್ಮೆ ನೋಡಿದ.

“ಮೇಡಂ, ಕಣ್ಣಿನ ಡಿಸೈನ್ ಬಾಳ ಚೊಲೋ ಐತ್ರಿ,” ಎಂದ. ಪಕ್ಕದಲ್ಲಿದ್ದ ಸೌಮ್ಯಳ ಮುಖ ಗುರುತು ಹಿಡಿದು, “ನೀವು ಪ್ಯಾಕಿಂಗಿನವ್ರು ಹಬ್ಬ ಅಂದ್ರ ಭಾರಿ ರೆಡಿ ಆಗ್ತೀರಿ ಬಿಡ್ರಿ,” ಎಂದು ಮುಂದಕ್ಕೆ ಹೋಗಿಯೇ ಬಿಟ್ಟ!

ಬಾಯಿ ಬಿಟ್ಟರೆ ದನಿಯಲ್ಲೇ ಗುರುತು ಸಿಕ್ಕಿಬಿಡುತ್ತದೆ. ಮಹಾನಂದಾ ಹಲ್ಲು ಕಚ್ಚಿ ನಿಂತಳು. ಅವನು ದೂರ ಹೋದ ಮೇಲೆ ಕಟ್ಟೆ ಒಡೆಯಿತು.

“ಪ್ಯಾಕಿಂಗ್ ಅಂತ! ದಿನಾ ಎದುರಿಗೆ ನಿಂತು ನೋಡಿದಾವ! ಇವನ ಕಣ್ಣಾಗ ಏನ್ ಮಣ್ಣ ಬಿದ್ದೈತೇನ?”

ಸೌಮ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಅವ್ನ ಯಾಕೆ ಬೈತೀಯೇ? ಆ ಪಾಪದವ್ನಿಗೆ ನಿಂದು ಅಂತ ಗೊತ್ತಿದ್ದಿದ್ದೇ ಎರಡು ಕಣ್ಣು. ಇಡೀ ಮುಖ ಹಂಗೇ ಬಿಟ್ಟು ಅವೆರಡನ್ನೇ ಹುಡ್ಕಿ ವೇಷ ಹಾಕ್ಸಿದ್ದೀಯ!”



ಬೂದುಗುಂಬಳ ಒಡೆದಾಯಿತು. ಕಡ್ಲೆಪುರಿ ಹಂಚುವುದಕ್ಕೆ ಶುರುಮಾಡಿದರು. ಅದು ಮುಗಿದರೆ ಎಲ್ಲರೂ ಬಸ್ಸಿಗೆ, ಹನುಮೇಶ ಅತ್ತಿಬೆಲೆಗೆ. ಅವಳು ದೀಪದ ಪಕ್ಕದಲ್ಲಿದ್ದ ಎಣ್ಣೆ ಬಾಟಲಿಯಿಂದ ಕರ್ಚೀಫಿಗೆ ನಾಲ್ಕು ಹನಿ ಹಾಕಿಕೊಂಡು, ಫೋರ್ಕ್‌ಲಿಫ್ಟಿನ ಕನ್ನಡಿಯ ಮುಂದೆ ನಿಂತಳು. ಎಡಗಣ್ಣಿನ ತೆನಿ ಒಂದೊಂದಾಗಿ ಕರಗಿತು. ಉಜ್ಜಿ ಉಜ್ಜಿ ಹಳೆಯ ಕಣ್ಣು ಹೊರಬಂತು. ಬಲಗಣ್ಣಿಗೆ ಕರ್ಚೀಫು ಒಯ್ದಳು. ಎಷ್ಟು ಚೆಂದ ಬಂದಿತ್ತು! ಕೈ ಏಳಲೇ ಇಲ್ಲ. ಇರಲಿ, ಒಂದು ಕಣ್ಣು ಅವನಿಗೆ, ಒಂದು ಕಣ್ಣು ತನಗೆ ಎಂದುಕೊಂಡು ಸೀದಾ ಹೋಗಿ ಪುರಿಯ ಸಾಲಿನಲ್ಲಿ ನಿಂತಳು. ಹಂಚುತ್ತಿದ್ದವನು ಹನುಮೇಶನೇ. ಮುಖ ಸೋತಿತ್ತು, ಯಾರ ಕಡೆಗೂ ನೋಡುತ್ತಿರಲಿಲ್ಲ.

ಅವಳ ಸರದಿ ಬಂತು. ಪೊಟ್ಟಣ ಚಾಚಿದ ಕೈ ಅಲ್ಲೇ ನಿಂತಿತು. ಅವನು ಬಲಗಣ್ಣು ನೋಡಿದ, ಅಪರಿಚಿತೆ. ಎಡಗಣ್ಣು ನೋಡಿದ, ದಿನಾ ಎದುರಿಗೆ ಕಾಣುತ್ತಿದ್ದ ಕಣ್ಣು. ತನ್ನ ಅಂಗೈಯನ್ನು ಗಾಳಿಯಲ್ಲಿ ಅಡ್ಡ ಹಿಡಿದು ಅವಳ ಬಲಗಣ್ಣನ್ನು ಮರೆಮಾಡಿಕೊಂಡು ಮತ್ತೆ ನೋಡಿದ. ಆಮೇಲೆ ಹೆದರುತ್ತ ಹೆದರುತ್ತ ಒಂದು ಸಲ ರೆಪ್ಪೆ ಬಡಿದ. ‘ಸರಿ ಇದೆಯಾ?’

ಮಹಾನಂದಾ ಎರಡು ಸಲ ಬಡಿದಳು.

“ಮಹಾನಂದಾ ಅವ್ರ!” ಅವನು ಕೂಗಿದ ರಭಸಕ್ಕೆ ಪೊಟ್ಟಣದ ಪುರಿಯೆಲ್ಲ ನೆಲದ ಪಾಲು. “ಮತ್ತ ರಿಜೆಕ್ಟ್ ಯಾಕ್ರಿ?”

“ಪ್ಯಾಕಿಂಗ್ ಅಂದ್ರಲ್ಲ, ಅದಕ್ಕ!”

“ಅಯ್ಯ, ಆ ಮೇಡಂ ನೀವಾ!” ಹನುಮೇಶ ಹಣೆ ಚಚ್ಚಿಕೊಂಡ. ಹಿಂದೆ ನಿಂತವರು “ಪುರಿ ಕೊಡ್ರೋ” ಎಂದು ಗದ್ದಲ ಎಬ್ಬಿಸಿದರು. ಅವನು ಚೀಲವನ್ನೇ ಸೌಮ್ಯಳ ಕೈಗೆ ತುರುಕಿದ. “ಚಾ ಅಂತೂ ಗೆದ್ದೆ. ನಡೀರಿ, ಗೇಟ್ ಮುಂದ ಅಂಗಡಿ ಐತಿ.”

“ಒಂದ ಕಣ್ ಅಷ್ಟ ಗುರ್ತ ಹಿಡಿದೀರಿ. ಅರ್ಧ ಚಾ.”

“ಇನ್ನೊಂದ್ ಕಣ್ಣಿನ ಪರಿಚಯ ಇನ್ನೂ ಆಗಿಲ್ರಿ,” ಅವನು ಆ ತೆನಿಯನ್ನೇ ನೋಡುತ್ತ ಎಂದ. “ಮಾಡ್ಕೋಬೇಕಂದ್ರ ಏನ್ ಮಾಡ್ಬೇಕು?”

“ಅದು ಭಾರಿ ಜಂಬದ ಕಣ್ಣು. ಬರೀ ಚಾದಾಗ ಮಾತಾಡಂಗಿಲ್ಲ, ಮಿರ್ಚಿ ಭಜಿ ಬೇಕು,” ಎಂದು ಮಹಾನಂದಾ ತೆನಿ ಬರೆದ ಬಲಗಣ್ಣನ್ನು ಒಂದೇ ಒಂದು ಸಲ ಮಿಟುಕಿಸಿ ಗೇಟಿನ ಕಡೆ ನಡೆದಳು.