ಎಣಿಸುವಾಗ ಮಾತಾಡಬಾರದ ಮನೆ

ಮೊದಲೇ ಹೇಳಿಬಿಡುತ್ತೇನೆ, ಈ ಕಥೆ ಕೇಳಿ ಯಾರ ಮುಖವೂ ಅರಳುವುದಿಲ್ಲ. ಆದರೂ ಕೂತು ಕೇಳಿ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಹೊಲಿಯುತ್ತಲೋ, ಹೆಣೆಯುತ್ತಲೋ, ಮಣಿ ಪೋಣಿಸುತ್ತಲೋ ಇರಬಹುದು. ಅವರನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಪಕ್ಕದಲ್ಲಿ ಮನೆಯ ಗಂಡಸರೂ ಕೂರಲಿ.

ನಮ್ಮ ಬೀದಿಯ ಕೊನೆಯ ಮನೆಯವಳನ್ನು ಎಲ್ಲರೂ ಉಲ್ಲನ್ ಅಕ್ಕ ಎನ್ನುತ್ತಾರೆ. ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಕೊಟ್ಟರೆ ಸಾಕು, ಎಳೆಮಕ್ಕಳ ಟೋಪಿ, ಸ್ವೆಟರ್, ಕಾಲುಚೀಲ ಹೆಣೆದು ಕೈಗಿಡುತ್ತಾಳೆ. ಶುರುವಿನಲ್ಲಿ ಅಕ್ಕಪಕ್ಕದವರಿಗೆ ಮಾಡಿಕೊಡುತ್ತಿದ್ದಳು. ಆಮೇಲೆ ಅವಳ ಕೆಲಸ ಪೇಟೆಯ ಮಕ್ಕಳ ಬಟ್ಟೆ ಅಂಗಡಿಯವರ ಕಣ್ಣಿಗೆ ಬಿತ್ತು. ಅಲ್ಲಿಂದ ಆರ್ಡರ್ ಮೇಲೆ ಆರ್ಡರ್. ಕೆಲಸವನ್ನು ಮೈಮೇಲೆ ಎಳೆದುಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ. ಆಗುವುದಿಲ್ಲ ಎನ್ನುವ ಮಾತು ಅವಳ ಬಾಯಲ್ಲಿ ಹೊರಡುವುದೇ ಇಲ್ಲ.

ಗಂಡ ಬೇಕರಿಯ ವ್ಯಾನ್ ಓಡಿಸುತ್ತಾನೆ. ಬೆಳಗಾಗುವ ಮೊದಲೇ ಹೋಗಿ ಮಧ್ಯಾಹ್ನಕ್ಕೆ ಮನೆಗೆ ಬರುತ್ತಾನೆ. ಅವನ ತಾಯಿಯೂ ಜೊತೆಯಲ್ಲೇ ಇದ್ದಾರೆ. ಇವರಿಗೆ ಒಬ್ಬಳೇ ಮಗಳು, ಎರಡನೇ ಕ್ಲಾಸು. ಬಾಯಿ ತೆಗೆದರೆ ಮುಚ್ಚುವುದಿಲ್ಲ ಎಂದು ಬೀದಿಯವರು ಮಾತಿನಮಲ್ಲಿ ಎಂದು ಹೆಸರಿಟ್ಟಿದ್ದರು. ಬರಬರುತ್ತಾ ಮನೆಯವರೂ ಮಲ್ಲಿ ಎಂದೇ ಕರೆಯತೊಡಗಿದರು.

ಆ ಮನೆಗೊಂದು ಕಾನೂನು ಇತ್ತು. ಹೆಣೆಯುವಾಗ ಕಡ್ಡಿಯ ಮೇಲೆ ಉಲ್ಲನ್ನಿನ ಕುಣಿಕೆಗಳು ಸಾಲಾಗಿ ಕೂರುತ್ತವೆ. ಎಲ್ಲಿ ಹೂವು ಬರಬೇಕು, ಎಲ್ಲಿ ತೋಳು ಕಿರಿದಾಗಬೇಕು ಎನ್ನುವುದಕ್ಕೆ ಆ ಕುಣಿಕೆಗಳನ್ನು ಎಣಿಸುತ್ತಲೇ ಹೋಗಬೇಕು. ನಡುವೆ ಯಾರಾದರೂ ಬಾಯಿ ಹಾಕಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಅಕ್ಕ ಎಣಿಸುವಾಗ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಯಾರಾದರೂ ಹತ್ತಿರ ಬಂದರೆ ಅವಳು ತಲೆ ಎತ್ತುವುದಿಲ್ಲ, ಒಂದು ಬೆರಳು ಎತ್ತುತ್ತಾಳೆ. ಬೆರಳು ಮೇಲೆ ಹೋಯಿತೆಂದರೆ ಎಲ್ಲರ ಬಾಯಿಗೂ ಬೀಗ.

ಗಂಡನಿಗೆ ಈ ಕಾನೂನಿನ ಬಗ್ಗೆ ಬಲು ಹೆಮ್ಮೆ. "ನಮ್ಮನೆಯವಳು ಎಣಿಸ್ತಿದ್ದಾಳೆ, ಆಮೇಲೆ ಬನ್ನಿ" ಎಂದು ಬಂದವರನ್ನು ಬಾಗಿಲಿಂದಲೇ ಸಾಗಹಾಕುತ್ತಿದ್ದ. ಹೆಂಡತಿಯ ಬಗ್ಗೆ ಹೆಮ್ಮೆಪಡಲು ಅವನು ಸದಾ ತಯಾರು. ಪಾತ್ರೆ ತೊಳೆಯಲು ಅಷ್ಟೊಂದು ತಯಾರಿರಲಿಲ್ಲ. ಹೀಗಾಗಿ ಅವಳು ಒಲೆಯ ಮುಂದೆ ನಿಂತೂ ಹೆಣೆದಳು, ಬಟ್ಟೆ ನೆನೆಹಾಕಿ ಹೆಣೆದಳು, ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಎಣಿಸಿದಳು. ಮಂಚದ ಮೇಲೆ ಸಿದ್ಧವಾದ ಟೋಪಿಗಳ ರಾಶಿ, ಕಿಟಕಿಯ ಕಂಬಿಗೆ ನೇತುಹಾಕಿದ ತೋಳಿಲ್ಲದ ಸ್ವೆಟರ್‌ಗಳು. ಮಗಳ ಸ್ಕೂಲ್ ಬ್ಯಾಗಿಗೆ ಮಂಚದ ಕೆಳಗೆ ಜಾಗ.

ಸ್ಕೂಲಿಂದ ಮಲ್ಲಿ ಓಡಿಬರುತ್ತಿದ್ದಳು, ಬಾಯಿತುಂಬ ಸುದ್ದಿ ಇಟ್ಟುಕೊಂಡು. "ಅಮ್ಮಾ, ಇವತ್ತು..." ಬೆರಳು ಮೇಲೆ. ನಿಲ್ಲುತ್ತಿದ್ದಳು. ಆ ಸಾಲು ಮುಗಿದರೆ ಇನ್ನೊಂದು ಸಾಲು. ಅಜ್ಜಿಯ ಹತ್ತಿರ ಹೋದರೆ, "ಶ್! ಅಮ್ಮನ ಲೆಕ್ಕ ತಪ್ಪುತ್ತೆ" ಎನ್ನುತ್ತಿದ್ದರು. ದಿನ ಕಳೆದಂತೆ ಹುಡುಗಿ ಸುದ್ದಿ ತರುವುದನ್ನೇ ಬಿಟ್ಟಳು. "ನನ್ನ ಮಗಳು ಈಗ ಜಾಣೆ ಆಗಿದ್ದಾಳೆ, ಗಲಾಟೆನೇ ಇಲ್ಲ" ಎಂದು ಅಕ್ಕ ನಮ್ಮೆಲ್ಲರ ಮುಂದೆ ಹೇಳಿಕೊಂಡಳು. ನಾವೂ ಹೌದು ಹೌದು ಎಂದು ತಲೆಯಾಡಿಸಿದೆವು.

ಒಂದು ಸಲ ಮಲ್ಲಿಗೆ ಜೋರು ನೆಗಡಿಯಾಯಿತು. ಸಂಜೆ ಎಡಗಿವಿ ಹಿಡಿದುಕೊಂಡು ಅಮ್ಮನ ಮುಂದೆ ಬಂದು ನಿಂತಳು. ಬೆರಳು ಮೇಲೆ ಹೋಯಿತು. ಹುಡುಗಿ ಗೋಡೆಗೆ ಒರಗಿ ಕಾದಳು. ಅಮ್ಮ ಕಡ್ಡಿ ಕೆಳಗಿಟ್ಟು ನೋಡುವಷ್ಟರಲ್ಲಿ ಅಲ್ಲೇ ನಿದ್ದೆ ಹೋಗಿದ್ದಳು. ಬೆಳಗ್ಗೆ ಎದ್ದಾಗ ನೋವು ಇರಲಿಲ್ಲ, ಆದರೆ ಕಿವಿಯಿಂದ ನೀರು ನೀರಾಗಿ ಏನೋ ಸೋರುತ್ತಿತ್ತು. ಅಜ್ಜಿ ಬೆಚ್ಚಗಿನ ಎಣ್ಣೆ ಬಿಟ್ಟರು.

"ಮಲ್ಲಿ ಕಿವಿ ಒಂಚೂರು ಸೋರ್ತಿದೆ ಕಣೇ. ಎಣ್ಣೆ ಬಿಟ್ಟಿದೀನಿ, ಸರಿಹೋಗುತ್ತೆ."

ಅಕ್ಕ ಎಣಿಸುತ್ತಲೇ ತಲೆಯಾಡಿಸಿದಳು. ಅತ್ತೆ ಹೇಳಿದ್ದು ತಲೆಗೆ ಹೋಯಿತೋ ಇಲ್ಲವೋ ಅವಳಿಗೇ ಗೊತ್ತಿಲ್ಲ.

ಸೋರುವುದು ನಿಲ್ಲಲಿಲ್ಲ. ನಿಲ್ಲುವುದು, ಮತ್ತೆ ಶುರುವಾಗುವುದು. ಮಲ್ಲಿ ಯಾರಿಗೂ ಹೇಳಲಿಲ್ಲ. ಇತ್ತ ಅಕ್ಕನಿಗೆ ಬೇರೆಯೇ ತಲೆನೋವು. ಬಿಳಿ ಉಲ್ಲನ್ ಉಂಡೆಯಿಂದ ಯಾರೋ ಚೂರು ಚೂರು ಕಿತ್ತುಕೊಳ್ಳುತ್ತಿದ್ದರು. ಆಟಕ್ಕೆ ಕಿತ್ತಿದ್ದಾಳೆ ಎಂದು ಮಗಳನ್ನು ಬೈದಳು. ಅದರ ಮೇಲೆ, ಕರೆದರೆ ಹುಡುಗಿ ಓಗೊಡುತ್ತಿರಲಿಲ್ಲ. ಒಂದು ದಿನ ಹಿಂದಿನಿಂದ ಕರೆದು ಕರೆದು ಸಾಕಾಗಿ ಬೆನ್ನಿಗೆ ಒಂದು ಬಾರಿಸಿದಳು.

"ಕಲ್ಲಿನ ಥರ ಕೂತಿರ್ತೀಯಲ್ಲ, ನೀನೇನು ಕಿವುಡೀನಾ?"

ಮಲ್ಲಿ ತಿರುಗಿ ಅಮ್ಮನ ಮುಖವನ್ನೇ ನೋಡಿದಳು. ಅಳಲೂ ಇಲ್ಲ.

ಅದಾದ ಸ್ವಲ್ಪ ದಿನಕ್ಕೆ ನಮ್ಮ ಆಸ್ಪತ್ರೆಯ ನರ್ಸಮ್ಮ ಅವರ ಮನೆಗೆ ಬಂದರು. ತಂಗಿಯ ಕೂಸಿಗೆ ಒಂದು ಟೋಪಿ ಬೇಕಿತ್ತು. ಅವರಿಗೂ ಬೆರಳೇ ಸ್ವಾಗತ ಮಾಡಿತು. ನರ್ಸಮ್ಮ ನಕ್ಕು ನೆಲದ ಮೇಲೆ ಮಲ್ಲಿಯ ಪಕ್ಕ ಕೂತರು. ಹುಡುಗಿ ತಲೆಬಗ್ಗಿಸಿ ಬರೆಯುತ್ತಿದ್ದಳು. ಎಡಗಡೆಯಿಂದ ಮೆಲ್ಲಗೆ "ಏನ್ ಬರೀತಿದೀಯ ಪುಟ್ಟಾ?" ಎಂದರು. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದರು. ಇಲ್ಲ. ಸ್ವಲ್ಪ ಬಗ್ಗಿದಾಗ ಕೆಟ್ಟ ವಾಸನೆ ಮೂಗಿಗೆ ಬಡಿಯಿತು. ಕೂದಲು ಸರಿಸಿ ನೋಡಿದರೆ ಕಿವಿಯೊಳಗೆ ಬಿಳಿ ಉಲ್ಲನ್ ತುರುಕಿತ್ತು. ಎಳೆದು ತೆಗೆದರು. ಕೀವಿನಲ್ಲಿ ನೆನೆದು ಹಳದಿಯಾಗಿತ್ತು.

"ಎಣಿಸಿದ್ದು ಸಾಕು. ಇಲ್ಲಿ ಬಾ" ಎಂದರು ನರ್ಸಮ್ಮ.

ಆ ದನಿಗೆ ಅಕ್ಕ ತಲೆ ಎತ್ತಿದಳು. ಆ ಉಲ್ಲನ್ ಚೂರು ಕಂಡದ್ದೇ ಕಡ್ಡಿ ಅಲ್ಲೇ ಬಿಟ್ಟು ಓಡಿಬಂದಳು.

"ಇದ್ಯಾಕೆ ಮಲ್ಲಿ ಹಿಂಗ್ ಮಾಡ್ಕೊಂಡೆ?"

ಮಲ್ಲಿ ಹೆದರಿದಳು. "ಯೂನಿಫಾರ್ಮ್ ಕಾಲರ್ ಗಲೀಜಾಗ್ತಿತ್ತು. ವಾಸ್ನೆ ಬರುತ್ತೆ ಅಂತ ಯಾರೂ ಪಕ್ಕದಲ್ಲಿ ಕೂರ್ತಿರ್ಲಿಲ್ಲ."

"ನನ್ಹತ್ರ ಹೇಳ್ಬಾರ್ದಾ?"

"ನೀನು ಎಣಿಸ್ತಿದ್ದೆ."

ಅಷ್ಟು ಹೇಳಿ ಮತ್ತೆ ಬರೆಯಲು ಕೂತಳು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ದೂರೂ ಇರಲಿಲ್ಲ.

ಅಜ್ಜಿ ಒಳಗಿನಿಂದ ಬಂದರು. "ಅಯ್ಯೋ, ಇದಕ್ಯಾಕೆ ಇಷ್ಟು ಗಾಬರಿ? ಮಕ್ಕಳಿಗೆ ಕಿವಿ ಸೋರೋದು ಇದ್ದಿದ್ದೇ. ನನ್ನ ಮಗನಿಗೂ ಸೋರ್ತಿತ್ತು. ದೊಡ್ಡವಳಾದ್ರೆ ತಾನಾಗೇ ನಿಲ್ಲುತ್ತೆ."

"ನಿಲ್ಲಲ್ಲ ಅಜ್ಜಿ" ಎಂದರು ನರ್ಸಮ್ಮ. "ಕಿವಿ ಒಳಗೆ ತೆಳ್ಳಗಿನ ಪರದೆ ಇರುತ್ತೆ. ನೆಗಡಿ ಆದಾಗ ಅದರ ಹಿಂದೆ ಕೀವು ತುಂಬುತ್ತೆ. ಪರದೆ ತೂತಾಗಿ ಕೀವು ಹೊರಗೆ ಬಂದ್ರೆ ನೋವು ಇಳಿಯುತ್ತೆ. ನೋವು ಹೋಯ್ತಲ್ಲ, ವಾಸಿ ಆಯ್ತು ಅನ್ಕೋತೀವಿ. ಆವಾಗ್ಲೇ ಕಿವಿ ಹಾಳಾಗೋದು. ಮೇಲಿಂದ ಎಣ್ಣೆ ಬೇರೆ ಬಿಟ್ಟಿದೀರಾ?"

"ಎಣ್ಣೆಯಿಂದ ಯಾರಿಗೆ ಏನಾಗಿದೆಯಮ್ಮ?"

"ತೂತಾದ ಕಿವಿಗೆ ಎಣ್ಣೆನೂ ಬೇಡ, ನೀರೂ ಬೇಡ, ಕಡ್ಡಿನೂ ಬೇಡ. ನಾಳೆನೇ ಕಿವಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ."

ಅಕ್ಕ ತಡವರಿಸಿದಳು. "ನಾಳೆನಾ ಸಿಸ್ಟರ್? ಅಂಗಡಿಯವ್ರು ನಾಳೆ ಸಂಜೆ ಬರ್ತಾರೆ. ಇನ್ನೂ ತೋಳು ಹಾಕಿಲ್ಲ. ಎರಡು ದಿನ ಬಿಟ್ಟು ಹೋದ್ರೆ..."

ನರ್ಸಮ್ಮ ಬಯ್ಯಲಿಲ್ಲ. ಒಂದೇ ಒಂದು ಮಾತು ಕೇಳಿದರು.

"ಎಣಿಸೋವಾಗ ಲೆಕ್ಕ ತಪ್ಪಿದ್ರೆ ಏನಾಗುತ್ತಮ್ಮ?"

"ಆ ಸಾಲನ್ನ ಮೊದಲಿಂದ ಎಣಿಸ್ಬೇಕು."

"ಅಷ್ಟೇನಾ?"

ಅಕ್ಕ ಬಿಟ್ಟುಬಂದಿದ್ದ ಕಡ್ಡಿಯ ಕಡೆ ನೋಡಿದಳು. ಹೌದು, ಅಷ್ಟೇ. ಮತ್ತೊಮ್ಮೆ ಎಣಿಸಬೇಕಿತ್ತು. ಬಣ್ಣದ ದಾರವನ್ನು ಕಡ್ಡಿಗೆ ಅಲ್ಲಲ್ಲಿ ಗುರುತಿಗೆ ಕಟ್ಟಿಕೊಂಡರೆ ಅದೂ ಬೇಕಿರಲಿಲ್ಲ. ಹೆಣಿಗೆ ಕಲಿಸಿದವರು ಮೊದಲ ದಿನವೇ ಹೇಳಿಕೊಟ್ಟಿದ್ದ ವಿಷಯ. ದಾರ ಕಟ್ಟುವಷ್ಟು ಪುರುಸೊತ್ತು ಎಲ್ಲಿದೆ ಎಂದು ಬಿಟ್ಟವಳು ಇವಳೇ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಲ್ಲಿ ಬರೆಯುವುದನ್ನು ಬಿಟ್ಟು ಹೆದರಿಕೊಂಡು ನೋಡಿದಳು.

ಮರುದಿನ ಬೇಕರಿಗೆ ರಜೆ ಹೇಳಿ, ಅಂಗಡಿಯವರಿಗೆ ಎರಡು ದಿನ ತಡವಾಗುತ್ತದೆ ಎಂದು ತಿಳಿಸಿ ಗಂಡನೂ ಆಸ್ಪತ್ರೆಗೆ ಬಂದ. ಡಾಕ್ಟರು ಕಿವಿ ಒರೆಸಿ, ಒಳಗೆ ನೋಡಿ, ಹನಿಮದ್ದು ಬರೆದರು. ಆಮೇಲೆ ಮಲ್ಲಿಯನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗಳಿಗೆ ಹೆಡ್‌ಫೋನ್ ಹಾಕಿದರು. ಶಬ್ದ ಕೇಳಿದಾಗಲೆಲ್ಲ ಕೈ ಎತ್ತಬೇಕು. ಬಲಗಿವಿಯ ಸರದಿಯಲ್ಲಿ ಹುಡುಗಿ ಟಪ್ಪನೆ ಕೈ ಎತ್ತಿದಳು. ಎಡಗಿವಿಯ ಸರದಿ ಬಂತು. ಕೈ ಮಡಿಲಲ್ಲೇ ಇತ್ತು. ಶಬ್ದ ಬಿಡುವವರು ಗುಂಡಿ ಒತ್ತುತ್ತಲೇ ಇದ್ದರು. ಹೊರಗೆ ನಿಂತ ಅಕ್ಕ ಗಾಜಿಗೆ ಹಣೆ ಹಚ್ಚಿ, ಎತ್ತು ಕಂದಾ, ಎತ್ತು ಎಂದು ತುಟಿಯಲ್ಲೇ ಹೇಳುತ್ತಿದ್ದಳು. ಶಬ್ದ ತುಂಬಾ ಜೋರಾದ ಮೇಲಷ್ಟೇ ಮಲ್ಲಿ ಅನುಮಾನದಿಂದ ಕೈಯನ್ನು ಅರ್ಧ ಎತ್ತಿದಳು.

"ಕೀವು ನಿಲ್ಲಿಸಬಹುದು" ಎಂದರು ಡಾಕ್ಟರು. "ಮುಂದೆ ಆಪರೇಷನ್ ಮಾಡಿ ಪರದೆ ಮುಚ್ಚೋಕೂ ಆಗಬಹುದು. ಆದರೆ ಹೋದ ಕೇಳುವ ಶಕ್ತಿ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಶುರುವಿನಲ್ಲೇ ಕರ್ಕೊಂಡು ಬಂದಿದ್ದರೆ ಇಷ್ಟು ದೂರ ಬರ್ತಿರಲಿಲ್ಲ."

ಮನೆ ಮುಟ್ಟಿದ ಮೇಲೆ ಅಕ್ಕ ಕಡ್ಡಿಗಳನ್ನೆಲ್ಲ ಗಂಟುಕಟ್ಟಿ ಅಟ್ಟಕ್ಕೆಸೆಯಲು ಹೊರಟಳು.

"ಬೇಡ" ಎಂದ ಗಂಡ. "ತಪ್ಪು ಕಡ್ಡೀದಲ್ಲ. ಬಾಗಿಲಲ್ಲಿ ನಿಂತು ಎಲ್ಲರ ಬಾಯಿ ಮುಚ್ಚಿಸಿದವನು ನಾನು. ಮಗು ಹತ್ರ ಒಂದಿನ ಏನಾಯ್ತು ಅಂತ ಕೇಳ್ಲಿಲ್ಲ."

ಅದನ್ನು ನಾನೂ ಒಪ್ಪುತ್ತೇನೆ. ಎಲ್ಲವನ್ನೂ ಆ ಒಬ್ಬಳ ತಲೆಗೆ ಕಟ್ಟಲು ನಾನು ತಯಾರಿಲ್ಲ. ಒಬ್ಬಳು ಹೆಣೆದದ್ದರಲ್ಲಿ ಇಡೀ ಮನೆ ಉಣ್ಣುತ್ತದೆ ಎಂದಾದರೆ ಇಡೀ ಮನೆ ಒಂದೊಂದು ಕೈ ಹಾಕಬೇಕು.

ಸಂಜೆ ನರ್ಸಮ್ಮ ಬಂದು ಎಲ್ಲರನ್ನೂ ಕೂರಿಸಿ ಮಾತಾಡಿದರು. ಕೆಲಸ ಬಿಡುವ ಮಾತೇ ಬೇಡ ಎಂದರು. ಈಗ ಮಗಳು ಸ್ಕೂಲಿಗೆ ಹೋದ ಹೊತ್ತಿನಲ್ಲಿ ಎಣಿಕೆಯ ಕೆಲಸ. ಅವಳು ಬಂದ ಮೇಲೆ ಕೈ ತಾನಾಗಿ ಮಾಡುವ ಸಾದಾ ಹೆಣಿಗೆ ಮಾತ್ರ, ಅದೂ ಅವಳು ಕರೆಯುವವರೆಗೆ. ಗಂಡ ವ್ಯಾನ್ ನಿಲ್ಲಿಸಿ ಬಂದು ಪಾತ್ರೆ ತೊಳೆಯುತ್ತಾನೆ, ಸಂಜೆಯ ಅಡುಗೆಯೂ ಅವನದೇ. ಉಪ್ಪು ಹೆಚ್ಚಾದರೂ ಯಾರೂ ಚಕಾರ ಎತ್ತುವುದಿಲ್ಲ. ಕಿವಿಗೆ ಹೊತ್ತಿಗೆ ಸರಿಯಾಗಿ ಔಷಧಿ ಹಾಕುವವರು ಅಜ್ಜಿ. "ಎಣ್ಣೆ ಬಾಟ್ಲಿ ನಾನೇ ಎತ್ತಿಟ್ಟಿದೀನಿ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಾರೆ. ಮುಂದಿನ ದೊಡ್ಡ ಆರ್ಡರಿಗೆ ಅಕ್ಕ ಇಷ್ಟು ಆಗಲ್ಲ, ಅರ್ಧ ಕೊಡ್ತೀನಿ ಎಂದಳು. ಅಂಗಡಿಯವರು ಮುಖ ಸಿಂಡರಿಸಿ ಉಳಿದರ್ಧವನ್ನು ಬೇರೆಯವರಿಗೆ ಕೊಟ್ಟರು. ಕೈ ಸ್ವಲ್ಪ ಬಿಗಿಯಾಗಿದೆ, ಸುಳ್ಳು ಯಾಕೆ ಹೇಳಲಿ.

ಕೀವು ನಿಂತಿದೆ. ಆದರೆ ಮಾತು ಬೇಗ ಮರಳಲಿಲ್ಲ. ಸ್ಕೂಲಲ್ಲಿ ಏನಾಯ್ತು ಎಂದು ಅಕ್ಕ ದಿನಾ ಕೇಳುತ್ತಿದ್ದಳು. "ಏನಿಲ್ಲ" ಎನ್ನುತ್ತಿದ್ದಳು ಮಲ್ಲಿ. ಅಕ್ಕ ಪಟ್ಟು ಬಿಡದೆ ಮರುದಿನವೂ ಕೇಳುತ್ತಿದ್ದಳು.

ಮೊನ್ನೆ ಸಂಜೆ ಹುಡುಗಿ ತಾನಾಗಿ ಬಂದು ಅಮ್ಮನ ಕೊರಳಿಗೆ ಜೋತುಬಿದ್ದು ಗುಟ್ಟು ಹೇಳಿದಳಂತೆ. ಅದೇನು ಗುಟ್ಟೋ, ಇಬ್ಬರೂ ನಕ್ಕರಂತೆ. ಅಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ, ತಾನೂ ಮಗಳ ಕೆನ್ನೆಗೆ ಕೆನ್ನೆ ಹಚ್ಚಿ ಒಂದು ಗುಟ್ಟು ಪಿಸುಗುಟ್ಟಿದಳು. ಮಲ್ಲಿ ಅಮ್ಮ ಇನ್ನೂ ಏನೂ ಹೇಳೇ ಇಲ್ಲ ಎನ್ನುವಂತೆ ಕಾಯುತ್ತಿದ್ದಳು. ಆಮೇಲೆ ಅಮ್ಮನ ಗಲ್ಲ ಹಿಡಿದು ಮೆಲ್ಲಗೆ ತಿರುಗಿಸಿದಳು.

"ಆ ಕಿವೀಲಿ ಅಲ್ಲಮ್ಮ. ಅದ್ರಲ್ಲಿ ಗುಟ್ಟು ಕೇಳ್ಸಲ್ಲ. ಈ ಕಡೆ ಹೇಳು."

ಅಕ್ಕ ಅದೇ ಗುಟ್ಟನ್ನು ಬಲಗಿವಿಯಲ್ಲಿ ಹೇಳಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೈಕೆಲಸ ನಿಮ್ಮ ಮನೆಯ ಬಲ. ಅದನ್ನು ಬಿಡಬೇಡಿ. ಆದರೆ ಅದಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ, ಮನೆಯವರನ್ನೆಲ್ಲ ಕೆಲಸಕ್ಕೆ ಎಳೆಯಿರಿ, ಕೈಲಾಗದ ಆರ್ಡರನ್ನು ಆಗುವುದಿಲ್ಲ ಎಂದು ಹೇಳಿ. ಮಗುವಿನ ಕಿವಿ ಸೋರಿದರೆ ಎಣ್ಣೆ ಬಿಟ್ಟು ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ಕೊಟ್ಟ ಔಷಧಿಯನ್ನು ಕೊನೆಯವರೆಗೂ ಹಾಕಿ. ಇವತ್ತು ನಿಮ್ಮ ಮಗು ಬಂದು ಕರೆದರೆ, ಕೈಯಲ್ಲಿ ಏನೇ ಇರಲಿ, ಕೆಳಗಿಟ್ಟು ಮುಖ ನೋಡಿ. ಕರೆಯುವುದನ್ನೇ ಬಿಟ್ಟು ತುಂಬಾ ದಿನವಾಗಿದ್ದರೆ, ಈಗಲೇ ಎದ್ದುಹೋಗಿ ನೀವೇ ಕೇಳಿ.