ಭಾನುವಾರದ ಇಂಜೆಕ್ಷನ್

ಆಸ್ಪತ್ರೆಗೆ ಒಯ್ಯುವ ಚೀಲವನ್ನು ಬಸವಣ್ಣೆವ್ವ ಮೂರನೇ ಸಲ ತುಂಬುತ್ತಿದ್ದರು. ಪಿತ್ತಕೋಶದಲ್ಲಿ ಕಲ್ಲು. ಎಣ್ಣೆಯದು ಚೂರು ತಿಂದರೂ ಬಲಪಕ್ಕೆ ಹಿಂಡುತ್ತಿತ್ತು. ಮೊದಲ ಸಲ ಸಕ್ಕರೆ ಹೆಚ್ಚಿದೆ ಎಂದು ಆಪರೇಷನ್ ಮುಂದೆ ಹೋಯಿತು. ಎರಡನೇ ಸಲ ಸರ್ಜನ್‌ಗೆ ಬೇರೆ ತುರ್ತು ಕೇಸ್ ಬಂತು. ಡೊಂಬಿವಲಿಯ ಅವರ ಹಳೆಯ ಬಿಲ್ಡಿಂಗ್‌ಗೆ ಲಿಫ್ಟ್ ಇಲ್ಲ. ಎರಡು ಸಲವೂ ಮೂರನೇ ಮಹಡಿಗೆ ಕೂತು ಕೂತು ಹತ್ತಿ ಬಂದಿದ್ದರು.

ಗಂಡ ಶಿವಪ್ಪ ಅಂಬರನಾಥದ ಬಣ್ಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮೂರನೇ ಸಲ ರಜೆ ಕೇಳಿದಾಗ ಮ್ಯಾನೇಜರ್ ತಲೆ ಎತ್ತಿಯೂ ನೋಡಿರಲಿಲ್ಲ.

ಸಂಜೆ ಎದುರುಮನೆಯ ನಿಶ್ಮಿತಾ ಬಂದಳು. ಕಲ್ಯಾಣದ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅವಳು ನರ್ಸ್. ಡ್ಯೂಟಿಯ ಚೀಲ ಇನ್ನೂ ಹೆಗಲ ಮೇಲೇ ಇತ್ತು.

"ಅಕ್ಕ, ನಾಳೆಯಲ್ವಾ? ನೀವು ತಗೊಳ್ಳುವ ಮದ್ದೆಲ್ಲ ಮಂಪರು ಕೊಡುವ ಅನಸ್ತೇಶಿಯಾ ಡಾಕ್ಟ್ರಿಗೆ ಗೊತ್ತುಂಟಾ?"

"ಫೈಲ್‌ನ್ಯಾಗ ಎಲ್ಲಾ ಬರದಾರ," ಎಂದರು ಶಿವಪ್ಪ.

"ಅದು ಮೊದಲ ಸಲ ಬರೆದದ್ದು ಅಣ್ಣ. ಆಮೇಲೆ ಹೊಸತು ಎಂತಾದ್ರೂ ಶುರು ಮಾಡಿದ್ದಾರಾ?"

ಬಸವಣ್ಣೆವ್ವ ಫ್ರಿಜ್ ಕಡೆ ಕೈ ತೋರಿಸಿದರು. "ಸಕ್ಕರಿ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟಾರ. ವಾರಕ್ಕೊಂದು. ಭಾನುವಾರ ಚುಚ್ಚಿಕೋತೀನಿ. ಗುಳಿಗಿ ಅಲ್ಲಲ್ಲಾ, ಅದಕ್ಕ ಆಸ್ಪತ್ರ್ಯಾಗ ಹೇಳಿಲ್ಲ."

ನಿಶ್ಮಿತಾ ಚೀಲ ಕೆಳಗಿಟ್ಟಳು. "ಇದನ್ನು ಹೇಳ್ಲೇಬೇಕು ಅಕ್ಕ. ಸಕ್ಕರೆಗೆ ಒಳ್ಳೇ ಮದ್ದೇ ಇದು. ಆದ್ರೆ ಉಂಡದ್ದು ಹೊಟ್ಟೆಯಿಂದ ಕೆಳಗೆ ಹೋಗುವುದು ನಿಧಾನ ಆಗ್ತದೆ. ಉಪವಾಸ ಇದ್ರೂ ಕೆಲವರ ಹೊಟ್ಟೆಯಲ್ಲಿ ಊಟ ಹಾಗೇ ಇರ್ತದೆ ಅಂತ ಈಚೆಗೆ ಡಾಕ್ಟ್ರುಗಳು ಪರೀಕ್ಷೆ ಮಾಡಿ ನೋಡಿದ್ದಾರೆ."

"ಊಟ ಹಂಗ ಇದ್ರ ಏನಾಕೈತಿ?" ಎಂದರು ಬಸವಣ್ಣೆವ್ವ.

"ಮಂಪರಿನಲ್ಲಿ ಕೆಮ್ಮಲಿಕ್ಕೆ ಆಗುವುದಿಲ್ಲ. ಹೊಟ್ಟೆಯದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ."

ಶಿವಪ್ಪ ಹಣೆ ಉಜ್ಜಿಕೊಂಡರು. "ಹೇಳಿದ್ರ ಮತ್ತ ಮುಂದ ಹಾಕ್ತಾರವಾ. ನಂಗ ಇನ್ನ ರಜಾ ಸಿಗಂಗಿಲ್ಲ. ಇಷ್ಟು ಮಂದಿಗೆ ಆಪರೇಷನ್ ಆಗತಾವ, ಎಲ್ಲಾರೂ ಎಲ್ಲಾ ಹೇಳ್ತಾರೇನು?"

"ಹೇಳದವರದ್ದೇ ನಮಗೆ ಹೆದರಿಕೆ ಅಣ್ಣ."

ಬಸವಣ್ಣೆವ್ವ ಆಸ್ಪತ್ರೆಗೆ ಫೋನ್ ಹಚ್ಚಿದರು. ಓಪಿಡಿ ಮುಗಿದಿತ್ತು, ಯಾರೂ ಎತ್ತಲಿಲ್ಲ.

ಬೆಳಿಗ್ಗೆ ರಿಕ್ಷಾದಲ್ಲಿ ಶಿವಪ್ಪ ಮೆಲ್ಲಗೆ ಹೇಳಿದರು: "ಕೇಳಿದ್ರ ಹೇಳು. ಕೇಳಲಿಲ್ಲ ಅಂದ್ರ ಸುಮ್ಮನಿರು." ಬಸವಣ್ಣೆವ್ವ ಫೈಲನ್ನು ಮಡಿಲಿಗೆ ಎಳೆದುಕೊಂಡರು.

ಥಿಯೇಟರಿನ ಹೊರಗೆ ಅರಿವಳಿಕೆ ಡಾಕ್ಟರ್ ಹಿತೇಶ್ ಬಂದರು. ಅವರ ಕಣ್ಣುಗಳೂ ದಣಿದಿದ್ದವು. ಫೈಲ್ ತಿರುವುತ್ತ ಹಿಂದಿಯಲ್ಲಿ ಕೇಳಿದರು: "ಔಷಧಿ ಎಲ್ಲ ಮೊದಲಿನವೇ ತಾನೇ?"

ತಲೆ ಆಡಿಸಿಬಿಟ್ಟರೆ ಮುಗಿಯಿತು. ಇವತ್ತೇ ಕಲ್ಲು ಹೋಗುತ್ತದೆ. ಶಿವಪ್ಪ ನೆಲ ನೋಡುತ್ತ ನಿಂತಿದ್ದರು. ಬಸವಣ್ಣೆವ್ವ ಅರ್ಧ ತಲೆ ಆಡಿಸಿದರು. ಆಮೇಲೆ ಬಾಯಿ ಬಿಟ್ಟರು.

"ಡಾಕ್ಟರ್‌ಸಾಬ್, ಏಕ್ ಇಂಜೆಕ್ಷನ್ ಹೈ. ಹರ್ ಸಂಡೇ."

ಪ್ರತಿ ಭಾನುವಾರದ ಇಂಜೆಕ್ಷನ್ ಎಂದು ಕೇಳುತ್ತಲೇ ಡಾಕ್ಟರ್ ಪೆನ್ನು ನಿಲ್ಲಿಸಿದರು. ಚಿಕ್ಕ ಸೋನೋಗ್ರಫಿ ಯಂತ್ರ ತರಿಸಿ ಬಸವಣ್ಣೆವ್ವನ ಹೊಟ್ಟೆಯ ಮೇಲೆ ಇಟ್ಟು ನೋಡಿದರು. ಹಿಂದಿನ ದಿನ ರಾತ್ರಿ ಎಂಟು ಗಂಟೆಗೆ ಉಂಡ ರೊಟ್ಟಿ, ಕುಂಬಳಕಾಯಿ ಪಲ್ಯ. ಹನ್ನೆರಡು ತಾಸು ಕಳೆದರೂ ಹೊಟ್ಟೆ ಖಾಲಿಯಾಗಿರಲಿಲ್ಲ.

"ಇವತ್ತು ಬೇಡ ಅಮ್ಮ," ಎಂದರು.

ಶಿವಪ್ಪ ಜಗಳಕ್ಕೆಂದೇ ಮುಂದೆ ಬಂದರು. ಡಾಕ್ಟರ್ ಏನೂ ವಾದಿಸದೆ ಪರದೆಯನ್ನು ಅವರ ಕಡೆ ತಿರುಗಿಸಿ, ಬೂದು ಬಣ್ಣದ ಗಟ್ಟಿಯನ್ನು ಬೆರಳಿಂದ ತೋರಿಸಿದರು. ಅದು ನಿನ್ನೆಯ ರೊಟ್ಟಿ ಎಂದು ತಿಳಿದ ಶಿವಪ್ಪ ಜಗಳ ಬಿಟ್ಟು ಚೀಲ ಎತ್ತಿಕೊಂಡರು.

ವಾಪಸ್ ಬರುವಾಗ ಅವರೇ ಮಾತು ತೆಗೆದರು. "ನಾ ಸುಮ್ಮನಿರು ಅಂದಿದ್ದೆ."

"ಅಂದಿದ್ರಿ," ಎಂದರು ಬಸವಣ್ಣೆವ್ವ. ಸಿಟ್ಟು ಮಾಡಿಕೊಳ್ಳಲಾರದಷ್ಟು ದಣಿದಿದ್ದರು.

ಮುಂದಿನ ವಾರ ಶಿವಪ್ಪ ಸಂಬಳವಿಲ್ಲದ ರಜೆ ಹಾಕಿದರು, ಇಬ್ಬರೂ ಮತ್ತೆ ಹೋದರು. ಇಂಜೆಕ್ಷನ್ ಏನು ಮಾಡಬೇಕೆಂದು ಸಕ್ಕರೆ ಡಾಕ್ಟರೂ ಅರಿವಳಿಕೆ ಡಾಕ್ಟರೂ ಮಾತಾಡಿಕೊಂಡು ಹೇಳಿದ್ದರು. ಹಿಂದಿನ ದಿನವಿಡೀ ಬರೀ ತಿಳಿ ದ್ರವ, ನಡುನಡುವೆ ಸಕ್ಕರೆಯ ಪರೀಕ್ಷೆ. ಈ ಸಲ ಹೊಟ್ಟೆ ಖಾಲಿ ಇತ್ತು. ಆಪರೇಷನ್ ಆಯಿತು.

ಸಂಜೆ ನಿಶ್ಮಿತಾ ನೋಡಲು ಬಂದಾಗ ಬಸವಣ್ಣೆವ್ವ ಹಲ್ಲು ಕಚ್ಚಿ ಮಲಗಿದ್ದರು.

"ನೋವು ಹತ್ತರಲ್ಲಿ ಎಷ್ಟು ಅಕ್ಕ?"

"ಎಂಟು ಇರಬೇಕು. ತಡ್ಕೋತೀನಿ ಬಿಡವಾ."

"ಯಾಕೆ ತಡ್ಕೊಳ್ಳುವುದು? ನೋವಿದ್ರೆ ಉಸಿರು ಪೂರ್ತಿ ಎಳೆಯಲಿಕ್ಕೆ ಆಗುವುದಿಲ್ಲ, ಎದೆಯಲ್ಲಿ ಕಫ ಕಟ್ತದೆ. ಎದ್ದು ನಾಲ್ಕು ಹೆಜ್ಜೆ ನಡೆಯಲಿಕ್ಕೂ ಆಗುವುದಿಲ್ಲ. ಈಗ ಬೇರೆ ಬೇರೆ ಬಗೆಯ ಮದ್ದು ಸ್ವಲ್ಪ ಸ್ವಲ್ಪ ಸೇರಿಸಿ ಕೊಡ್ತಾರೆ. ಕೇಳ್ಬೇಕು ಅಷ್ಟೇ."

ಅವಳ ಮಾತು ಮುಗಿಯುವ ಮೊದಲೇ ಶಿವಪ್ಪ ಎದ್ದಿದ್ದರು. ವಾರ್ಡಿನ ಸಿಸ್ಟರ್ ಹತ್ತಿರ ಹೋಗಿ, ಮರಾಠಿಯಲ್ಲಿ ಎರಡೆರಡು ಸಲ ಹೇಳಿದರು: ನೋವು ಎಂಟು, ಸಕ್ಕರೆ ಕಾಯಿಲೆ ಇದೆ, ವಾರಕ್ಕೊಂದು ಇಂಜೆಕ್ಷನ್ ಇದೆ. ಈ ಸಲ ಯಾರೂ ಕೇಳದೆಯೇ ಹೇಳಿದ್ದರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಿಗಾದರೂ ಆಪರೇಷನ್ ಇರಬಹುದು. ಗುಳಿಗೆ, ಇಂಜೆಕ್ಷನ್, ನಾಟಿ ಔಷಧಿ, ತಂಬಾಕು, ಅಲುಗಾಡುವ ಹಲ್ಲು (ಬಾಯಿಂದ ಉಸಿರಿನ ನಳಿಗೆ ಹಾಕುವಾಗ ಕಳಚೀತು), ಹಿಂದೆ ಮಂಪರು ಕೊಟ್ಟಾಗ ಆದ ತೊಂದರೆ, ಎಲ್ಲವನ್ನೂ ಕೆಲವು ದಿನ ಮೊದಲೇ ಹೇಳಿ. ಯಾವ ಔಷಧಿಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಬೆಳಿಗ್ಗೆ ಮರೆತು ಒಂದು ಗುಟುಕು ಚಹಾ ಕುಡಿದಿದ್ದರೆ ಅದನ್ನೂ ಮುಚ್ಚಿಡಬೇಡಿ. ಆಪರೇಷನ್ ಆದ ಮೇಲೆ ನೋವಾದರೆ ನೋವು ಎನ್ನಿ. ಓಡಾಡಿ ಸಾಕಾಗಿರುತ್ತದೆ, ಮುಗಿದರೆ ಸಾಕು ಅನಿಸುತ್ತದೆ. ಆದರೂ ಹೇಳಿ. ನಿಮ್ಮನ್ನು ಮಂಪರಿನಲ್ಲಿ ಕಾಯುವ ಡಾಕ್ಟರಿಗೆ, ಎಚ್ಚರವಿದ್ದಾಗ ನೀವು ಹೇಳಿದ ಮಾತೇ ಆಧಾರ.