ಹನ್ನೆರಡನೆಯ ಪ್ರಾಣಿ

ಗಂಡನ ಹಳೆಯ ಖಾಕಿ ಅಂಗಿಗೆ ಗುಂಡಿ ಹಾಕುತ್ತಿದ್ದವಳು ಮೂರನೆಯದಕ್ಕೆ ಬಂದು ನಿಂತಳು. ಗುಂಡಿ ದಾರ ಬಿಟ್ಟು ನೇತಾಡುತ್ತಿತ್ತು.

“ಸೂಜಿದಾರ ತಗೊಂಡು ಬಾರೇ.”

“ಅಮ್ಮಾ, ಅಂಗಳ ತುಂಬ ಜನ ಕಾಯ್ತಿದಾರೆ. ಈಗ ಹೊಲೀತಾ ಕೂರ್ತೀಯಾ?” ಎಂದಳು ಮಗಳು.

“ಕಾಯ್ಲಿ. ಗುಂಡಿ ಬಿಟ್ಕೊಂಡು ಒಂದು ದಿನಾನೂ ಮನೆಯಿಂದ ಹೊರಟವರಲ್ಲ ನಿಮ್ಮಪ್ಪ.”

ಊರೆಲ್ಲ ಗುಹೆಯಪ್ಪ ಎಂದೇ ಕರೆಯುತ್ತಿದ್ದ ಆತ ಹಿಂದಿನ ಕಾಲದ ಗುಹೆಗಳ ಉದ್ಯಾನಕ್ಕೆ ಕಾವಲುಗಾರ. ಬಂಡೆಯಡಿಯ ಹತ್ತು ಗುಹೆ, ಭಿಕ್ಷುಗಳು ಮಲಗುತ್ತಿದ್ದ ಕಲ್ಲುಮಂಚ, ಅರ್ಧ ಉಳಿದ ಇಟ್ಟಿಗೆ ಸ್ತೂಪ, ಮೂಗು ಮುರಿದ ಒಬ್ಬ ಬುದ್ಧ. ಇಷ್ಟನ್ನೂ ಗುಡಿಸಿ, ಬಂದವರಿಗೆಲ್ಲ ತೋರಿಸಿ ಆಯುಸ್ಸು ಸವೆಸಿದವನು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಪೊರಕೆ ಬಿಟ್ಟಿರಲಿಲ್ಲ. ನಿನ್ನೆ ಮಧ್ಯಾಹ್ನ ಉಂಡು, ಸಾರು ಚೆನ್ನಾಗಿತ್ತು ಎಂದು ಹೇಳಿ ಮಲಗಿದವನು ಏಳಲೇ ಇಲ್ಲ. ಹೋದರೆ ಹೀಗೆ ಹೋಗಬೇಕಪ್ಪಾ ಎಂದು ಬಂದವರೆಲ್ಲ ಒಂಚೂರು ಹೊಟ್ಟೆಕಿಚ್ಚನ್ನೂ ಪಟ್ಟರು.

“ಒಂದು ಸುಳ್ಳೂ ಆಡಿದ ಮನುಷ್ಯ ಅಲ್ಲ ಅತ್ತಿಗೆ,” ಎಂದ ಬಾಗಿಲಲ್ಲಿ ಕೂತಿದ್ದ ಟಿಕೆಟ್ ಕೌಂಟರಿನವನು. “ಇಲ್ಲಿ ನಿಧಿ ಇದೆಯಾ ಅಂತ ಯಾರಾದ್ರೂ ಕೇಳಿದ್ರೆ, ಇದ್ದಿದ್ರೆ ನಾನ್ಯಾಕೆ ಪೊರಕೆ ಹಿಡೀತಿದ್ದೆ ಅನ್ನೋರು!”

ಎಲ್ಲರೂ ನಕ್ಕರು. ಅವಳ ಬೆರಳಿಗೆ ಸೂಜಿ ಚುಚ್ಚಿತು. ಆಡಿದ್ದರೋ ಬಿಟ್ಟಿದ್ದರೋ, ಅದನ್ನು ಇವತ್ತು ಬಾಯಿಬಿಡಬೇಕಾದವಳು ಅವಳು.

*

ಮದುವೆಯಾದ ಹೊಸದು. ನಾಯಿ ಕಚ್ಚಿ ಎಡಗಿವಿ ಹರಿದುಕೊಂಡ ತಬ್ಬಲಿ ಕರುವಿಗೆ ಅವಳು ಹಿತ್ತಲಲ್ಲಿ ಬಾಟಲಿಯಿಂದ ಹಾಲು ಕುಡಿಸುತ್ತಿದ್ದಾಗ ಆತ ಕೆಂಪಾದ ಕೈಯಲ್ಲಿ ಓಡಿಬಂದ. ಗುಹೆಗಳಿಗೆ ನಂಬರು ಬರೆಯುತ್ತಿದ್ದನಂತೆ. ಏಳನೆಯದರಲ್ಲಿ ಏಣಿ ವಾಲಿ, ಆದಿಕಾಲದ ಚಿತ್ರಗಳ ಪಕ್ಕದಲ್ಲೇ ಅಂಗೈಯಗಲ ಬಣ್ಣ ಚೆಲ್ಲಿತ್ತು. ಒರೆಸಿದಷ್ಟೂ ಹರಡಿತು. ಕೊನೆಗೆ ತಿದ್ದಿ ತಿದ್ದಿ ಅದನ್ನೊಂದು ಕರು ಮಾಡಿಬಿಟ್ಟಿದ್ದ.

ಕೋತಿ ತಾನು ಕೆಡೋದಲ್ಲದೆ ವನವನ್ನೂ ಕೆಡಿಸಿತು ಎಂದು ಅವಳು ಬೈದಳು. ಮರುವಾರವೇ ಪ್ರವಾಸಿಗಳು ಆನೆ, ಜಿಂಕೆ, ಕಾಡುಕೋಣಗಳನ್ನೆಲ್ಲ ಬಿಟ್ಟು ಕರುವಿನ ಮುಂದೆ ನಿಂತರು. ಇದು ಎಷ್ಟು ಸಾವಿರ ವರ್ಷದ್ದು? “ಅದೊಂದನ್ನ ನನ್ನ ಕೇಳ್ಬೇಡಿ,” ಎಂದ. ಬದುಕಿಡೀ ಅದೇ ಉತ್ತರ.

“ಬುದ್ಧನ ಹತ್ರ ಹೇಳ್ಕೊಂಡೆ ಕಣೇ,” ಎಂದ ಒಂದು ದಿನ.

“ಏನಂದ?”

“ನಕ್ಕ.”

“ಅವನು ಎಲ್ಲದಕ್ಕೂ ನಗ್ತಾನೆ. ಸಾಹೇಬರಿಗೆ ಹೇಳಿ.”

“ಬದುಕಿರೋವರೆಗೂ ನನ್ನ ಕೈಲಾಗಲ್ಲ. ನಾನು ಹೋದ ದಿನ, ಎತ್ತೋಕೆ ಮುಂಚೆ, ನೀನು ಹೇಳ್ಬಿಡು.”

“ಚೆಲ್ಲೋದು ನೀವು, ಬಾಚೋದು ನಾನಾ?” ಎಂದು ರೇಗಿದರೂ ಅವಳು ಮಾತು ಕೊಟ್ಟಳು. ನೋಡಿದರೆ ನಗ್ತೀಯಾ ಎಂದು ಆತ ಆ ಗುಹೆಗೆ ಅವಳನ್ನು ಕರೆದೊಯ್ಯಲೇ ಇಲ್ಲ. ಅವಳೂ ಹೋಗಲಿಲ್ಲ.

*

ಉದ್ಯಾನದ ಅಧಿಕಾರಿ ಹೂವು ಹಿಡಿದು ಬಂದಳು. ಮಗಳ ವಯಸ್ಸಿನವಳು. “ಅಮ್ಮಾ, ಬಾಗಿಲ ಹತ್ರ ಹೊಸ ಫಲಕ ಹಾಕ್ತಿದೀವಿ. ಅದರಲ್ಲಿ ಏಳನೇ ಗುಹೆಯ ಕರುವಿನ ಚಿತ್ರ ಇರುತ್ತೆ. ಇವರ ನೆನಪಿಗೆ.”

ಸುಮ್ಮನಿದ್ದರೆ ಗಂಡನ ಹೆಸರು ಉಳಿಯುತ್ತದೆ. ಬಾಯಿಬಿಟ್ಟರೆ ಹೆಣದ ಮುಂದೆಯೇ ಮರ್ಯಾದೆ ಮಣ್ಣುಪಾಲು. ಆದರೆ ಕೊಟ್ಟ ಮಾತು? ಅಧಿಕಾರಿಯ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದು, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು.

“ಗೊತ್ತಮ್ಮಾ,” ಎಂದು ನಕ್ಕಳು ಅಧಿಕಾರಿ.

“ಹಾಂ?”

“ಹಳೇ ನಕ್ಷೆಯಲ್ಲಿ ಇರೋದು ಹನ್ನೊಂದೇ ಪ್ರಾಣಿ. ಅದೂ ಅಲ್ಲದೆ, ಅಷ್ಟೊಂದು ಕಾಡುಪ್ರಾಣಿಗಳ ಮಧ್ಯೆ ಕೊರಳಿಗೆ ಹಗ್ಗ ಕಟ್ಟಿರೋ ಕರು ಎಲ್ಲಿಂದ ಬರ್ಬೇಕು ಹೇಳಿ! ಕೆರೆದು ತೆಗೆದ್ರೆ ಬಂಡೆಗೇ ಪೆಟ್ಟು ಅಂತ ಬಿಟ್ಟಿದಾರೆ. ಇಲ್ಲಿಗೆ ಬರೋ ಪ್ರತಿ ಅಧಿಕಾರಿಗೂ ಹಿಂದಿನವರು ಗುಟ್ಟಾಗಿ ಹೇಳೋ ಮಾತು ಒಂದೇ. ನಮಗೆ ಗೊತ್ತು ಅನ್ನೋದು ಗುಹೆಯಪ್ಪನಿಗೆ ಗೊತ್ತಾಗ್ಬಾರದು. ಪಾಪ, ನೊಂದ್ಕೋತಾರೆ.” ಮತ್ತೆ ಸೇರಿಸಿದಳು: “ಫಲಕದಲ್ಲೂ ಕಾವಲುಗಾರ ಬರೆದದ್ದು ಅಂತಲೇ ಹಾಕ್ಸೋದು.”

“ಅಯ್ಯೋ ಹುಚ್ಚಪ್ಪಾ! ಇಷ್ಟು ವರ್ಷ ಸುಮ್ಮಸುಮ್ಮನೆ ಬೆವತರಲ್ಲ!” ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಸೆರಗಿಂದ ಮುಖ ಒರೆಸಿಕೊಂಡು ಹೋಗಿ ಗಂಡನ ಕಿವಿಯ ಹತ್ತಿರ ಬಾಗಿದಳು. “ಹೇಳಿದೆ ಕಣ್ರೀ. ಅವರೂ ನಕ್ಕರು.”

ಆಮೇಲೆ ತಿರುಗಿ, “ಇನ್ನು ಎತ್ತಬಹುದು,” ಎಂದಳು.

*

ಎಲ್ಲ ಮುಗಿದ ಮೇಲೆ, ಇನ್ನೂ ಬಿಸಿಲಿರುವಾಗಲೇ, ಅವಳು ಮಗಳ ಭುಜ ಹಿಡಿದು, ಬಣ್ಣ ಚೆಲ್ಲಿದ ಕಥೆ ಹೇಳುತ್ತಾ ಗುಹೆಯ ಮೆಟ್ಟಿಲು ಹತ್ತಿದಳು. ದಾರಿ ಒಂದೆಲೆಯೂ ಇಲ್ಲದಂತೆ ಚೊಕ್ಕಟವಾಗಿತ್ತು. ನಿನ್ನೆ ಬೆಳಿಗ್ಗೆ ಗುಡಿಸಿದ್ದು.

ಏಳನೆಯ ಗುಹೆಯಲ್ಲಿ ಮಗಳು ಅಪ್ಪನ ಟಾರ್ಚು ಹಾಕಿದಳು. ಆನೆ, ಜಿಂಕೆ, ಕಾಡುಕೋಣ, ಎಲ್ಲವೂ ಬಲಕ್ಕೆ ಓಡುತ್ತಿದ್ದವು. ಕೆಳಗಡೆ ಒಂದು ಪುಟ್ಟ ಕೆಂಪು ಕರು ಮಾತ್ರ ಓಡದೆ, ಹಾಲಿಗೆ ಕಾದಂತೆ ಕತ್ತೆತ್ತಿ ನಿಂತಿತ್ತು. ಅವಳು ನಗಲಿಲ್ಲ. ಮಂಡಿಯೂರಿ ಕೂತಳು.

“ಅಮ್ಮಾ, ಅಪ್ಪ ಇದಕ್ಕೆ ಒಂದು ಕಿವಿ ಯಾಕೆ ಹೀಗೆ ಹರಕು ಬರೆದಿದಾರೆ?”

“ನಾಯಿ ಕಚ್ಚಿತ್ತು,” ಎಂದಳು ಅವಳು, ಬಂಡೆಯಿಂದ ಕಣ್ಣು ತೆಗೆಯದೆ.